ಕಲ್ಲಿದ್ದಲು ಹುಡುಕುವ ಇಲಾಖೆಯವರು ಗೋಕಾಕಕ್ಕೆ ಬಂದದ್ದು: ರಾಬರ್ಟ್ ಬ್ರೂಸ್ ಫೂಟ್

ಬೋಧನಾಭ್ಯಾಸಕ್ಕೆಂದು ಹುಕ್ಕೇರಿ, ಗೋಕಾಕ, ಮೂಡಲಗಿ ಕಡೆಯ ಶಾಲೆಗಳಿಗೆ ಹೋಗುವ ಪ್ರಶಿಕ್ಷಣಾರ್ಥಿಗಳು ಖನಿಜ ಸಂಪನ್ಮೂಲದ ಪಾಠವನ್ನು ಸಾಮಾನ್ಯವಾಗಿ ಒಂದೇ ರೀತಿಯಲ್ಲಿ ಮಾಡುತ್ತಾರೆ. ಭಾರತದ ನಕ್ಷೆಯನ್ನು ತೂಗುಹಾಕುತ್ತಾರೆ, ರಾಣಿಗಂಜ್, ಝರಿಯಾ, ಸಿಂಗರೇಣಿಗಳನ್ನು ಕೋಲಿನಿಂದ ತೋರಿಸುತ್ತಾರೆ, ಕಪ್ಪುಹಲಗೆಯ ಮೇಲೆ ಪೀಟ್, ಲಿಗ್ನೈಟ್, ಬಿಟುಮಿನಸ್, ಆಂಥ್ರಸೈಟ್ ಎಂದು ನಾಲ್ಕು ಹೆಸರು ಬರೆಯುತ್ತಾರೆ. ಪಾಠ ಮುಗಿಯುವ ಹೊತ್ತಿಗೆ ಕೊನೆಯ ಸಾಲಿನ ಒಂದು ಕೈ ಮೇಲೇಳುತ್ತದೆ. ನಮ್ಮೂರ ಬಾವಿಯಲ್ಲೂ ಕರೀ ಕಲ್ಲೇ ಸಿಗುತ್ತದಲ್ಲ, ನಮ್ಮಲ್ಲಿ ಕಲ್ಲಿದ್ದಲು ಏಕಿಲ್ಲ? ಪಾಠಯೋಜನೆಯಲ್ಲಿ ಈ ಪ್ರಶ್ನೆಗೆ ಜಾಗ ಇರುವುದಿಲ್ಲ. ಕರ್ನಾಟಕದಲ್ಲಿ ಕಲ್ಲಿದ್ದಲು ದೊರೆಯುವುದಿಲ್ಲ ಎಂದು ಹೇಳಿ ಮುಂದೆ ಹೋಗುವುದೇ ವಾಡಿಕೆ. ಉತ್ತರ ಸರಿಯೇ. ಆದರೆ ಅದು ಹೇಗೆ ಗೊತ್ತಾಯಿತು ಎಂಬುದನ್ನು ಹೇಳದಿದ್ದರೆ ಅದು ವಿಜ್ಞಾನವಾಗುವುದಿಲ್ಲ, ಬಾಯಿಪಾಠವಾಗುತ್ತದೆ.

ಇದೆ ಎಂದು ತೋರಿಸಲು ಒಂದು ತುಂಡು ಸಾಕು. ಇಲ್ಲ ಎಂದು ಹೇಳಲು ಇಡೀ ನಾಡನ್ನು ನಡೆದು ನೋಡಬೇಕು. ಬೆಳಗಾವಿ, ಕಲಾದಗಿ, ಧಾರವಾಡ ಜಿಲ್ಲೆಗಳನ್ನು ಹಾಗೆ ನಡೆದು ನೋಡಿದವರು ರಾಬರ್ಟ್ ಬ್ರೂಸ್ ಫೂಟ್. ಭಾರತದ ಶಿಲಾಯುಗದ ಅಧ್ಯಯನಕ್ಕೆ ತಳಹದಿ ಹಾಕಿದವರೆಂದು ಇತಿಹಾಸದ ಶಿಕ್ಷಕರಿಗೆ ಅವರ ಹೆಸರು ಪರಿಚಿತ. ಪಲ್ಲಾವರಂ ಕೈಗೊಡಲಿಯ ಜೊತೆಗೆ ಒಂದು ಅಂಕದ ಪ್ರಶ್ನೆಯಾಗಿ ಅವರು ಪರೀಕ್ಷೆಯಲ್ಲೂ ಬರುತ್ತಾರೆ. ಅವರ ಸಂಬಳದ ಕೆಲಸ ಮಾತ್ರ ಭೂವಿಜ್ಞಾನ. ಅವರನ್ನು ಕೆಲಸಕ್ಕೆ ತೆಗೆದುಕೊಂಡ ಇಲಾಖೆ ಹುಟ್ಟಿದ್ದೇ ಕಲ್ಲಿದ್ದಲಿಗಾಗಿ.

ಆ ಇಲಾಖೆಯ ಕಥೆಯನ್ನು ಮೊದಲು ಸ್ವಲ್ಪ ಹೇಳಬೇಕು. ಈಸ್ಟ್ ಇಂಡಿಯಾ ಕಂಪನಿಗೆ ಮೊದಲು ಗಂಗೆಯ ಮೇಲಿನ ಹಬೆಹಡಗುಗಳಿಗಾಗಿ, ಆಮೇಲೆ ರೈಲಿಗಾಗಿ ಕಲ್ಲಿದ್ದಲು ಬೇಕಾಯಿತು. ಇಂಗ್ಲೆಂಡಿನಿಂದ ಹಡಗಿನಲ್ಲಿ ತಂದ ಕಲ್ಲಿದ್ದಲು ದುಬಾರಿ. ಬಂಗಾಳದ ರಾಣಿಗಂಜ್ ಪ್ರದೇಶದಲ್ಲಿ 1774ರಿಂದಲೇ ಸಣ್ಣ ಪ್ರಮಾಣದ ಗಣಿಗಾರಿಕೆಯ ಪ್ರಯತ್ನ ನಡೆದಿತ್ತು. ಆದರೆ ಎಲ್ಲಿ ಎಷ್ಟಿದೆ ಎಂಬ ಲೆಕ್ಕ ಯಾರ ಬಳಿಯೂ ಇರಲಿಲ್ಲ. 1846ರಲ್ಲಿ ಕಂಪನಿಯು ಡೇವಿಡ್ ಹೈರಮ್ ವಿಲಿಯಮ್ಸ್ ಎಂಬ ಭೂವಿಜ್ಞಾನಿಯನ್ನು ಕರೆಸಿಕೊಂಡಿತು. ಎರಡೇ ವರ್ಷದಲ್ಲಿ, 1848ರಲ್ಲಿ, ಅವರು ಕಾಡುಜ್ವರದಿಂದ ತೀರಿಕೊಂಡರು. 1851ರಲ್ಲಿ ಐರ್ಲೆಂಡಿನಿಂದ ಥಾಮಸ್ ಓಲ್ಡ್‌ಹ್ಯಾಮ್ ಕಲ್ಕತ್ತೆಗೆ ಬಂದಿಳಿದರು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ, ಅಂದರೆ ಇಂದಿನ ಜಿಎಸ್‌ಐ, ತನ್ನ ಹುಟ್ಟನ್ನು ಆ ವರ್ಷದಿಂದಲೇ ಎಣಿಸುತ್ತದೆ. ಕಲ್ಲಿದ್ದಲು ಬೇಕಾದರೆ ಕಲ್ಲಿದ್ದಲನ್ನು ಮಾತ್ರ ಹುಡುಕುತ್ತ ಹೋದರೆ ಆಗದು, ದೇಶದ ಎಲ್ಲ ಶಿಲೆಗಳ ಕ್ರಮವನ್ನು ತಿಳಿಯಬೇಕು ಎಂಬುದು ಓಲ್ಡ್‌ಹ್ಯಾಮ್ ಅವರ ನಿಲುವಾಗಿತ್ತು. ಈ ನಿಲುವು ಇರದಿದ್ದರೆ ಕಲ್ಲಿದ್ದಲಿಲ್ಲದ ನಮ್ಮ ಸೀಮೆಗೆ ಫೂಟ್ ಅವರನ್ನು ಕಳಿಸುವ ಅಗತ್ಯವೇ ಬೀಳುತ್ತಿರಲಿಲ್ಲ.

ಫೂಟ್ ಹುಟ್ಟಿದ್ದು 1834ರ ಸೆಪ್ಟೆಂಬರ್ 22ರಂದು, ಇಂಗ್ಲೆಂಡಿನ ಚೆಲ್ಟನ್‌ಹ್ಯಾಮ್ ಪಟ್ಟಣದಲ್ಲಿ. 1858ರ ಡಿಸೆಂಬರಿನಲ್ಲಿ, 24ನೆಯ ವಯಸ್ಸಿನಲ್ಲಿ, ಸರ್ವೇಕ್ಷಣಾ ಸಂಸ್ಥೆಗೆ ಸೇರಿ ಮದರಾಸು ತಂಡದಲ್ಲಿ ಕೆಲಸ ಆರಂಭಿಸಿದರು. ಆ ತಂಡದಲ್ಲಿ ಅವರ ಜೊತೆಗಾರರಾಗಿದ್ದವರು ವಿಲಿಯಂ ಕಿಂಗ್. ಈ ಹೆಸರು ಮುಂದೆ ಮತ್ತೆ ಬರುತ್ತದೆ. ಮದರಾಸಿನಲ್ಲಿ ಫೂಟ್ ಮದುವೆಯಾದದ್ದು ಪೀಟರ್ ಪರ್ಸಿವಲ್ ಅವರ ಮಗಳನ್ನು. ಪರ್ಸಿವಲ್ ಪಾದ್ರಿಯೂ ಶಿಕ್ಷಕರೂ ಆಗಿದ್ದವರು, ತಮಿಳು ಗಾದೆಗಳನ್ನು ಸಂಗ್ರಹಿಸಿ ಅಚ್ಚುಹಾಕಿಸಿದವರು.

ಸರ್ವೇಯರ ವರ್ಷ ಎರಡು ಭಾಗವಾಗಿತ್ತು. ಮಳೆ ನಿಂತು ಹಾದಿ ಒಣಗಿದ ಮೇಲೆ ಡೇರೆ, ಗಾಡಿ, ಕುದುರೆ ಹೊರಡುತ್ತಿದ್ದವು; ಬೇಸಗೆ ಬಲಿಯುವ ತನಕ ಊರಿಂದ ಊರಿಗೆ ತಿರುಗಾಟ. ಮಳೆಗಾಲದಲ್ಲಿ ಕಚೇರಿಯಲ್ಲಿ ಕುಳಿತು ನಕ್ಷೆಗೆ ಬಣ್ಣ ತುಂಬುವುದು, ವರದಿ ಬರೆಯುವುದು. ಕೈಯಲ್ಲಿ ಸುತ್ತಿಗೆ, ದಿಕ್ಸೂಚಿ, ಪದರಗಳ ಓರೆಯನ್ನು ಅಳೆಯುವ ಒಂದು ಸಣ್ಣ ಉಪಕರಣ. ಹಳ್ಳದ ದಂಡೆ, ಬಾವಿಯ ಗೋಡೆ, ಘಟ್ಟದ ರಸ್ತೆಯ ಕಡಿತ, ಹೊಳೆಯ ಮಡುವು, ಹೀಗೆ ನೆಲ ಸೀಳಿ ಒಳಗು ಕಾಣುವ ಜಾಗಗಳೇ ಅವರ ಪುಸ್ತಕ.

1863ರ ಮೇ 30ರಂದು ಮದರಾಸಿನ ಪಕ್ಕದ ಪಲ್ಲಾವರಂನ ಜಂಬುಮಣ್ಣಿನ ಗುಂಡಿಯಲ್ಲಿ ಅವರಿಗೆ ಮನುಷ್ಯ ಕೈಯಾರೆ ಒಡೆದು ರೂಪಿಸಿದ ಒಂದು ಕಲ್ಲು ಸಿಕ್ಕಿತು. ಫ್ರಾನ್ಸಿನ ಸೊಮ್ ನದಿಯ ಗರಸಿನಲ್ಲಿ ಸಿಕ್ಕ ಅಂಥ ಕಲ್ಲುಗಳು ನಿಜವಾಗಿ ಮಾನವ ನಿರ್ಮಿತವೆಂದು ವಿದ್ವಾಂಸರು ಒಪ್ಪಿ ಆಗ ನಾಲ್ಕೇ ವರ್ಷವಾಗಿತ್ತು. ಫೂಟ್ ಆ ಸುದ್ದಿಯನ್ನು ಓದಿದ್ದರು, ಆದ್ದರಿಂದಲೇ ಕಣ್ಣಿಗೆ ಬಿದ್ದ ಕಲ್ಲನ್ನು ಗುರುತಿಸಿದರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಕಿಂಗ್ ಅವರೊಡನೆ ಅತ್ತಿರಂಪಾಕ್ಕಂನಲ್ಲಿ ಇನ್ನಷ್ಟು ಸಿಕ್ಕವು. ಈ ಕೆಲಸಕ್ಕೆ ಇಲಾಖೆ ಅವರನ್ನು ನೇಮಿಸಿರಲಿಲ್ಲ. ಸುತ್ತಿಗೆ ಹಿಡಿದು ನೆಲ ನೋಡುತ್ತ ಹೋಗುವವರಿಗೆ ಇದೂ ಕಾಣುತ್ತದೆ, ಕಂಡದ್ದನ್ನು ಬಿಡಬಾರದು ಎಂಬಷ್ಟೇ ಅವರ ಲೆಕ್ಕ. ಪಠ್ಯಪುಸ್ತಕಗಳು ಫೂಟ್ ಅವರನ್ನು ಇಲ್ಲಿಗೇ ನಿಲ್ಲಿಸಿಬಿಡುತ್ತವೆ. ನಮಗೆ ಬೇಕಾದ ಫೂಟ್ ಇನ್ನು ಮುಂದೆ ಬರುತ್ತಾರೆ.

ಆಗಿನ ಸರಕಾರಿ ಕಾಗದಗಳಲ್ಲಿ ನಮ್ಮ ಸೀಮೆಗೆ ದಕ್ಷಿಣ ಮರಾಠಾ ಪ್ರಾಂತ ಎಂಬ ಹೆಸರಿತ್ತು. ಕನ್ನಡ ಮಾತನಾಡುವ ನೆಲಕ್ಕೆ ಈ ಹೆಸರು ಹೇಗೆ ಅಂಟಿಕೊಂಡಿತೆಂಬುದು ಬೇರೆಯೇ ಕಥೆ. ಅವರಿಗಿಂತ ಮೊದಲು ಟರ್ನ್‌ಬುಲ್ ಕ್ರಿಸ್ಟಿ, ಸೇನಾಧಿಕಾರಿ ನ್ಯೂಬೋಲ್ಡ್ ಮುಂತಾದವರು ಇಲ್ಲಿ ಓಡಾಡಿ ಟಿಪ್ಪಣಿ ಬರೆದಿದ್ದರು. ಆದರೆ ಇಡೀ ಪ್ರಾಂತವನ್ನು ಕ್ರಮವಾಗಿ ನಡೆದು, ನಕ್ಷೆಯ ಮೇಲೆ ಗೆರೆ ಎಳೆದು, ಶಿಲೆಗಳನ್ನು ಹಳೆಯದರಿಂದ ಹೊಸದಕ್ಕೆ ಜೋಡಿಸಿದ ಕೆಲಸ ಫೂಟ್ ಅವರದು. ಅದು 1876ರಲ್ಲಿ ಸರ್ವೇಕ್ಷಣಾ ಸಂಸ್ಥೆಯ ಮೆಮಾಯರ್ ಮಾಲೆಯ 12ನೆಯ ಸಂಪುಟವಾಗಿ ಅಚ್ಚಾಯಿತು. ಬಾಗಲಕೋಟೆ ಸಮೀಪದ ಕಲಾದಗಿ ಊರಿನ ಹೆಸರು ಜಗತ್ತಿನ ಭೂವಿಜ್ಞಾನದ ಪುಸ್ತಕಗಳಿಗೆ ಸೇರಿದ್ದು ಈ ಬರಹದಿಂದ.

ಅವರು ಕಂಡ ಕ್ರಮವನ್ನು ತರಗತಿಯಲ್ಲಿ ಹೇಳಲು ರೊಟ್ಟಿಬುಟ್ಟಿಯ ಹೋಲಿಕೆ ಸಾಕು. ಮೊದಲು ಬೇಯಿಸಿದ ರೊಟ್ಟಿ ಕೆಳಗೆ, ಕೊನೆಯದು ಮೇಲೆ. ನಮ್ಮ ಸೀಮೆಯ ಬುಟ್ಟಿಯ ತಳದಲ್ಲಿರುವುದು ನೈಸ್ ಮತ್ತು ಅದರೊಡನೆ ಬರುವ ಹಳೆಯ ಸ್ಫಟಿಕ ಶಿಲೆಗಳು. ಅದರ ಮೇಲೆ ಕಲಾದಗಿ ಶಿಲೆಗಳು: ಗಟ್ಟಿ ಮರಳುಗಲ್ಲು, ಜೇಡುಗಲ್ಲು, ಸುಣ್ಣದಕಲ್ಲು. ಘಟಪ್ರಭೆ ಗೋಕಾಕದಲ್ಲಿ ಸುಮಾರು 52 ಮೀಟರ್ ಕೆಳಕ್ಕೆ ಧುಮುಕುವುದು ಈ ಮರಳುಗಲ್ಲಿನ ಅಂಚಿನಿಂದಲೇ. ಅದರ ಮೇಲೆ ಕರೀ ಟ್ರ್ಯಾಪ್, ಅಂದರೆ ಹಲವಾರು ಬಾರಿ ಉಕ್ಕಿ ಹರಿದು ಪದರ ಪದರವಾಗಿ ಗಟ್ಟಿಯಾದ ಲಾವಾ. ಸಂಕೇಶ್ವರದಿಂದ ನಿಪ್ಪಾಣಿಯ ಕಡೆಗೆ ಹೆದ್ದಾರಿಯಲ್ಲಿ ಸಿಗುವ ಕಣಗಲಾ ಇರುವುದು ಈ ಟ್ರ್ಯಾಪ್ ಸೀಮೆಯಲ್ಲಿ. ಅಲ್ಲಿಯ ಎರೆಮಣ್ಣು ಈ ಕಲ್ಲು ಕರಗಿ ಆದದ್ದೇ. ಟ್ರ್ಯಾಪ್ ದಿಬ್ಬಗಳ ನೆತ್ತಿಯಲ್ಲಿ ಕೆಲವೆಡೆ ಜಂಬಿಟ್ಟಿಗೆಯ ಟೋಪಿ.

ಕಲ್ಲಿದ್ದಲಿನ ಸರ್ವೇಯರ್ ಈ ಬುಟ್ಟಿಯಲ್ಲಿ ಹುಡುಕುವುದು ಯಾವ ರೊಟ್ಟಿಯನ್ನು? ಇದಕ್ಕೆ ಉತ್ತರ ಸಿಕ್ಕಿದ್ದು ಒರಿಸ್ಸಾದ ತಾಲ್ಚೇರಿನಲ್ಲಿ. 1856ರಲ್ಲಿ ಬ್ಲಾನ್‌ಫರ್ಡ್ ಸಹೋದರರು ಮತ್ತು ಥಿಯೋಬಾಲ್ಡ್ ಅಲ್ಲಿ ಕೆಲಸ ಮಾಡಿದಾಗ ಕಲ್ಲಿದ್ದಲಿನ ಪದರಗಳ ಅಡಿಯಲ್ಲಿ ಗುಂಡುಕಲ್ಲುಗಳು ಮಣ್ಣಿನಲ್ಲಿ ಹುದುಗಿರುವ ಒಂದು ವಿಚಿತ್ರ ಪದರ ಕಂಡಿತು. ಅದು ಹಿಮದ ಕೆಲಸವಿರಬೇಕೆಂದು ಅವರು ಧೈರ್ಯವಾಗಿ ಬರೆದರು. ಒರಿಸ್ಸಾದಲ್ಲಿ ಹಿಮವೇ ಎಂದು ಅನೇಕರಿಗೆ ನಂಬಲಾಗಲಿಲ್ಲ. ಮುಂದೆ ಅದೇ ಸರಿಯೆಂದು ಸ್ಥಿರಪಟ್ಟಿತು. ಕೆಳಗೆ ತಾಲ್ಚೇರಿನ ಗುಂಡುಕಲ್ಲಿನ ಪದರ, ಅದರ ಮೇಲೆ ಕಲ್ಲಿದ್ದಲು ಹೊತ್ತ ಮರಳುಗಲ್ಲು, ಅದರೊಳಗೆ ಗ್ಲಾಸಾಪ್ಟರಿಸ್ ಎಂಬ ನಾಲಗೆಯಾಕಾರದ ಎಲೆಗಳ ಅಚ್ಚು. ಈ ಜೋಡಿ ಕಂಡಲ್ಲಿ ಸರ್ವೇಯರು ನಿಂತು ಹುಡುಕುತ್ತಿದ್ದರು. ಇಡೀ ಕಟ್ಟಿಗೆ 1870ರ ದಶಕದಲ್ಲಿ ಗೋಂಡ ಜನರ ನಾಡಿನ ಮೇಲಿಂದ ಗೋಂಡ್ವಾನ ಎಂಬ ಹೆಸರು ಬಂದಿತು. ಭಾರತದ ಬಿಟುಮಿನಸ್ ಕಲ್ಲಿದ್ದಲು ಬಹುಪಾಲು ಈ ಕಟ್ಟಿನದು.

ಕೈಯಲ್ಲಿ ಈ ಸೂತ್ರ ಹಿಡಿದ ಫೂಟ್ ಅವರ ಜೊತೆಗಾರ ವಿಲಿಯಂ ಕಿಂಗ್ 1871ರ ಸುಮಾರಿಗೆ ನಿಜಾಮರ ಸೀಮೆಯ ಯಲ್ಲಂದು ಹತ್ತಿರ ಕಲ್ಲಿದ್ದಲನ್ನು ಗುರುತಿಸಿದರು. ಭದ್ರಾಚಲಕ್ಕೆ ಹೊರಟ ಯಾತ್ರಿಕರು ಒಲೆ ಹೂಡಿದ ಕಲ್ಲುಗಳೇ ಹೊತ್ತಿಕೊಂಡವು ಎಂಬ ಕಥೆಯನ್ನು ಆ ಕಡೆಯ ಜನ ಈಗಲೂ ಹೇಳುತ್ತಾರೆ. ಅದೇ ಸಿಂಗರೇಣಿ ಗಣಿಗಳ ಮೂಲ. ಮುಂದೆ ಕಿಂಗ್ ಸರ್ವೇಕ್ಷಣಾ ಸಂಸ್ಥೆಯ ಮುಖ್ಯಸ್ಥರೂ ಆದರು. ಹೆಚ್ಚುಕಡಿಮೆ ಅದೇ ವರ್ಷಗಳಲ್ಲಿ ಫೂಟ್ ಘಟಪ್ರಭೆ, ಮಲಪ್ರಭೆಗಳ ದಂಡೆಯಲ್ಲಿದ್ದರು. ಒಂದೇ ತಂಡದ ಇಬ್ಬರು, ಒಂದೇ ವಿದ್ಯೆ. ಒಬ್ಬರ ಪಾಲಿಗೆ ಕಲ್ಲಿದ್ದಲು ಬಂತು, ಇನ್ನೊಬ್ಬರ ಪಾಲಿಗೆ ಬರಲಿಲ್ಲ. ಸಿಕ್ಕಿತು ಎಂದವರಿಗೆ ಸಿಗುವ ಗೌರವ ಸಿಗಲಿಲ್ಲ ಎಂದವರಿಗೆ ಸಿಗುವುದು ಅಪರೂಪ. ನಕ್ಷೆಯಲ್ಲಿ ಇಬ್ಬರ ಗೆರೆಗೂ ಒಂದೇ ಬೆಲೆ.

ಫೂಟ್ ಅವರ ಕೆಲಸದ ತಿರುಳನ್ನು ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಕಣಗಲಾದ ಮೇಲ್ಮೈಯಲ್ಲಿ ಟ್ರ್ಯಾಪ್ ಇದೆ ಎಂದಮಾತ್ರಕ್ಕೆ ಕಲ್ಲಿದ್ದಲು ಇಲ್ಲ ಎಂದು ಹೇಳಲಾಗದು. ಟ್ರ್ಯಾಪ್ ಮೇಲೆ ಹಾಸಿದ ಕಂಬಳಿ. ಕಂಬಳಿಯ ಅಡಿಯಲ್ಲಿ ಏನಿದೆ ಎಂಬುದೇ ಪ್ರಶ್ನೆ. ಇದು ಹುಡುಗಾಟದ ಸಂದೇಹವಲ್ಲ. ನಾಗಪುರದ ದಕ್ಷಿಣಕ್ಕೆ ವರ್ಧಾ ಕಣಿವೆಯಲ್ಲಿ ಗೋಂಡ್ವಾನ ಪದರಗಳು ಹೋಗಿ ಇದೇ ದಖ್ಖನ್ ಟ್ರ್ಯಾಪಿನ ಅಡಿಯಲ್ಲಿ ಸೇರಿಕೊಳ್ಳುತ್ತವೆ. ಅಲ್ಲಿ ವರೋರಾದ ಗಣಿ 1870ರ ದಶಕದಲ್ಲೇ ನಡೆಯುತ್ತಿತ್ತು, ಆ ಕಣಿವೆಯ ಬಗೆಗಿನ ಹ್ಯೂಸ್ ಅವರ ಮೆಮಾಯರ್ ಫೂಟ್ ಅವರದರ ಬೆನ್ನಿಗೇ 1877ರಲ್ಲಿ ಬಂದಿತು. ಅಲ್ಲಿ ಕಂಬಳಿಯ ಕೆಳಗೆ ಕಲ್ಲಿದ್ದಲಿದ್ದರೆ ಇಲ್ಲಿ ಏಕಿರಬಾರದು?

ಕಂಬಳಿಯನ್ನು ಕೊರೆದು ನೋಡುವ ಯಂತ್ರ ಫೂಟ್ ಅವರ ಗಾಡಿಯಲ್ಲಿ ಇರಲಿಲ್ಲ. ಇದ್ದದ್ದು ಒಂದೇ ಉಪಾಯ. ಕಂಬಳಿಯ ಅಂಚಿನ ಗುಂಟ ನಡೆಯುವುದು. ನದಿಗಳು ಟ್ರ್ಯಾಪನ್ನು ಕೊರೆದು ಅದರ ತಳವನ್ನು ತೋರಿಸುವ ಪ್ರತಿಯೊಂದು ಜಾಗದಲ್ಲಿ ನಿಂತು, ಲಾವಾ ಯಾವುದರ ಮೇಲೆ ಕೂತಿದೆ ಎಂದು ನೋಡುವುದು. ಬೆಳಗಾವಿ ಮತ್ತು ಗೋಕಾಕದ ಸುತ್ತ ಈ ಅಂಚು ಚೆನ್ನಾಗಿ ತೆರೆದುಕೊಂಡಿದೆ. ಅಲ್ಲಿ ಲಾವಾ ಕೂತಿರುವುದು ಒಂದೋ ಕಲಾದಗಿ ಮರಳುಗಲ್ಲಿನ ಮೇಲೆ, ಇಲ್ಲವೋ ನೇರವಾಗಿ ಹಳೆಯ ಸ್ಫಟಿಕ ಶಿಲೆಯ ಮೇಲೆ. ನಡುವೆ ಗುಂಡುಕಲ್ಲಿನ ಪದರವೂ ಇಲ್ಲ, ಎಲೆಯ ಅಚ್ಚಿನ ಮರಳುಗಲ್ಲೂ ಇಲ್ಲ. ಬುಟ್ಟಿಯಲ್ಲಿ ಆ ರೊಟ್ಟಿಯನ್ನೇ ಹಾಕಿಲ್ಲ.

ಕಲಾದಗಿ ಶಿಲೆಗಳಲ್ಲೇ ಕಲ್ಲಿದ್ದಲು ಇರಬಹುದಲ್ಲ ಎಂದು ಜಾಣ ವಿದ್ಯಾರ್ಥಿ ಕೇಳಿಯಾನು. ಅಲ್ಲಿಯೂ ಜೇಡುಗಲ್ಲಿನ ಪದರಗಳಿವೆ. ತಪ್ಪು ವಯಸ್ಸಿನ ಕಪ್ಪು ಜೇಡುಗಲ್ಲನ್ನು ನಂಬಿ ಹಣ ಕಳೆದುಕೊಂಡ ಉದಾಹರಣೆಗಳು ಇಂಗ್ಲೆಂಡಿನಲ್ಲೇ ಇವೆ. 19ನೆಯ ಶತಮಾನದ ಆರಂಭದಲ್ಲಿ ಸಸೆಕ್ಸ್‌ನ ಬೆಕ್ಸ್‌ಹಿಲ್‌ನಲ್ಲಿ ಹಾಗೆ ಬಾವಿ ತೋಡಿ ಕೈಸುಟ್ಟುಕೊಂಡರು. ಫೂಟ್ ಅವರು ಕಲಾದಗಿ ಶಿಲೆಗಳಲ್ಲಿ ಜೀವದ ಕುರುಹು ಕಾಣಲಿಲ್ಲ, ಕಡಪಾ ಸೀಮೆಯಲ್ಲಿ ಕಿಂಗ್ ವಿವರಿಸಿದ ಹಳೆಯ ಶಿಲೆಗಳಿಗೆ ಅವನ್ನು ಹೋಲಿಸಿದರು. ವಯಸ್ಸಿನ ಅಂಕಿ ಮಾತ್ರ ಅವರ ಬಳಿ ಇರಲಿಲ್ಲ. ವಿಕಿರಣದಿಂದ ಕಲ್ಲಿನ ವಯಸ್ಸು ಅಳೆಯುವ ವಿದ್ಯೆ ಬಂದದ್ದು 20ನೆಯ ಶತಮಾನದಲ್ಲಿ. ಇಂದು ನಾವು ಅಂಕಿ ಕೊಡಬಹುದು: ಕಲಾದಗಿ ಶಿಲೆಗಳ ಬಹುಭಾಗ 100 ಕೋಟಿ ವರ್ಷಕ್ಕಿಂತ ಹಳೆಯದು, ನೆಲದ ಮೇಲೆ ಗಿಡ ಹುಟ್ಟಿದ್ದು ಸುಮಾರು 47 ಕೋಟಿ ವರ್ಷದ ಹಿಂದೆ, ಗೋಂಡ್ವಾನದ ಕಲ್ಲಿದ್ದಲು 30ರಿಂದ 25 ಕೋಟಿ ವರ್ಷದ ಹಿಂದಿನದು, ಟ್ರ್ಯಾಪ್ ಉಕ್ಕಿದ್ದು ಸುಮಾರು 6.6 ಕೋಟಿ ವರ್ಷದ ಹಿಂದೆ. ಕಲಾದಗಿಯ ಮರಳು ಕೂತಾಗ ಜಗತ್ತಿನಲ್ಲಿ ಕಾಡೇ ಇರಲಿಲ್ಲ. ಕಾಡಿಲ್ಲದೆ ಕಲ್ಲಿದ್ದಲಿಲ್ಲ. ಟ್ರ್ಯಾಪ್ ಬಂದಾಗ ಕಾಡಿತ್ತು, ಆದರೆ ಉರಿಯುವ ಲಾವಾ ಕಲ್ಲಿದ್ದಲು ಕಟ್ಟುವ ಕೆಸರಲ್ಲ. ಎರಡು ಲಾವಾ ಪದರಗಳ ನಡುವಿನ ಬಿಡುವಿನಲ್ಲಿ ಅಲ್ಲಲ್ಲಿ ಸಣ್ಣ ಕೆರೆಗಳು ನಿಂತು, ಸಿಹಿನೀರಿನ ಶಂಖುಹುಳುಗಳ ಚಿಪ್ಪುಗಳನ್ನು ಸುಣ್ಣದ ಪದರದಲ್ಲಿ ಉಳಿಸಿಹೋದವು. ಗೋಕಾಕ ಸೀಮೆಯಲ್ಲೂ ಅಂಥ ಪದರಗಳಿವೆ. ಅವು ತೆಳು ಮತ್ತು ಅಲ್ಪಾಯುಷಿ. ಕಲ್ಲಿದ್ದಲಿಗೆ ಬೇಕಾದದ್ದು ಲಕ್ಷಾಂತರ ವರ್ಷ ಒಂದೇ ಸಮನೆ ಕುಸಿಯುತ್ತ, ಕಾಡನ್ನು ನುಂಗುತ್ತ ಹೋಗುವ ತಗ್ಗು. ಗೋದಾವರಿ, ದಾಮೋದರ, ಮಹಾನದಿ ಕಣಿವೆಗಳ ಗುಂಟ ಅಂಥ ಉದ್ದನೆಯ ತಗ್ಗುಗಳಿದ್ದವು. ಅವುಗಳೊಳಗೆ ಇಳಿದದ್ದರಿಂದಲೇ ಆ ಪದರಗಳು ಸವೆಯದೆ ಉಳಿದವು.

ಅಂಚು ನೋಡಿ ಒಳಗನ್ನು ಹೇಳುವುದರಲ್ಲಿ ಒಂದು ಊಹೆ ಇದ್ದೇ ಇದೆ. ಅದನ್ನು ಮುಚ್ಚಿಡಬಾರದು. ಅಂಚಿನಲ್ಲಿ ಇಲ್ಲದ್ದು ನಡುವೆ ಎಲ್ಲೋ ಇರಬಹುದು. ಫೂಟ್ ತೀರಿಕೊಂಡು ಸುಮಾರು ನೂರು ವರ್ಷವಾದ ಮೇಲೆ, ಕಣಗಲಾದಿಂದ ಉತ್ತರಕ್ಕೆ ಸತಾರಾ ಜಿಲ್ಲೆಯ ಕೊಯ್ನಾದಲ್ಲಿ, ಭೂಕಂಪದ ಅಧ್ಯಯನಕ್ಕಾಗಿ ಭಾರತ ಸರಕಾರದ ಭೂವಿಜ್ಞಾನ ಸಚಿವಾಲಯ ಆಳವಾದ ಕೊಳವೆಗಳನ್ನು ಕೊರೆಸಿತು. ಸುಮಾರು ಒಂದು ಕಿಲೋಮೀಟರ್ ಟ್ರ್ಯಾಪ್ ದಾಟಿದ ಮೇಲೆ ಸಿಕ್ಕಿದ್ದು ನೇರವಾಗಿ ಹಳೆಯ ಗ್ರಾನೈಟ್, ನೈಸ್ ಶಿಲೆ. ನಡುವೆ ಗೋಂಡ್ವಾನ ಇರಲಿಲ್ಲ. ಕೊಯ್ನಾ ಕಣಗಲಾ ಅಲ್ಲ, ಒಂದು ಕೊಳವೆ ಇಡೀ ಸೀಮೆಗೆ ಸಾಕ್ಷಿಯೂ ಅಲ್ಲ. ಆದರೂ ಅಂಚಿನಲ್ಲಿ ಕಂಡ ಕ್ರಮಕ್ಕೆ ಅದು ಹೊಂದಿಕೊಂಡಿತು. ತರಗತಿಯಲ್ಲಿ ಇಷ್ಟನ್ನೂ ಹೇಳಬೇಕು. ಖಚಿತವಾಗಿ ಕಂಡದ್ದು ಎಷ್ಟು, ಕಂಡದ್ದರಿಂದ ಊಹಿಸಿದ್ದು ಎಷ್ಟು ಎಂಬ ಗೆರೆಯನ್ನು ಎಂಟನೆಯ ತರಗತಿಯ ಮಗು ಸುಲಭವಾಗಿ ಹಿಡಿಯುತ್ತದೆ. ಹಿಡಿಯದವರು ಸಾಮಾನ್ಯವಾಗಿ ದೊಡ್ಡವರು.

ಉಪಕರಣಕ್ಕೆ ದೂರ ಹೋಗಬೇಕಿಲ್ಲ. ಕಣಗಲಾದ ಯಾವುದೇ ಬಾವಿಯ ಕಡೆಯಿಂದ ಒಂದು ಟ್ರ್ಯಾಪ್ ತುಂಡು, ಗೋಕಾಕ ಫಾಲ್ಸ್ ಕಡೆಯಿಂದ ಒಂದು ಮರಳುಗಲ್ಲು, ಕಮ್ಮಾರರ ಕುಲುಮೆಯಿಂದ ಒಂದು ಚೂರು ಕಲ್ಲಿದ್ದಲು. ಕರೀ ಕಲ್ಲೂ ಕಲ್ಲಿದ್ದಲೂ ಕಣ್ಣಿಗೆ ಒಂದೇ ಎನ್ನುವ ಮಗುವಿನ ಎರಡು ಕೈಯಲ್ಲಿ ಎರಡನ್ನೂ ಇಡಿ. ಒಂದೇ ಗಾತ್ರದ ಟ್ರ್ಯಾಪ್ ಕಲ್ಲಿದ್ದಲಿನ ಎರಡರಷ್ಟಕ್ಕಿಂತ ಹೆಚ್ಚು ತೂಗುತ್ತದೆ. ಕಲ್ಲಿದ್ದಲು ಕೈಗೆ ಮಸಿ ಹತ್ತುತ್ತದೆ, ಟ್ರ್ಯಾಪ್ ಹತ್ತುವುದಿಲ್ಲ. ಇಷ್ಟಕ್ಕೆ ಹತ್ತು ನಿಮಿಷ ಸಾಕು, ಸ್ಮಾರ್ಟ್ ಬೋರ್ಡ್ ಬೇಡ.

ಮತ್ತೆ ಫೂಟ್ ಅವರ ಕಡೆಗೆ ಬರೋಣ. ಕಲ್ಲಿದ್ದಲಿಲ್ಲದ ಸೀಮೆಯಲ್ಲಿ ಅವರಿಗೆ ಸಿಕ್ಕಿದ್ದೇನು? ಗೋಕಾಕಕ್ಕೆ ಕೆಲವೇ ಮೈಲಿ ದೂರದಲ್ಲಿ, ಅವರ ಬರಹದಲ್ಲಿ ಚಿಕ್‌ದೌಲಿ ಎಂದು ಕಾಣುವ ಊರಿನ ಹಳ್ಳದಲ್ಲಿ, ಹಳೆಯ ಕಾಲದ ಖಡ್ಗಮೃಗದ ಮೂಳೆಗಳು. 1874ರಲ್ಲಿ ಅವರು ಅದನ್ನು ವಿವರಿಸಿ ರೈನೋಸರಸ್ ಡೆಕ್ಕನೆನ್ಸಿಸ್ ಎಂದು ಹೆಸರಿಟ್ಟರು. ಇಂದು ಅಸ್ಸಾಮಿನ ಕಾಡಿನಲ್ಲಿ ನೋಡಬೇಕಾದ ಪ್ರಾಣಿಯ ಬಂಧು ಒಂದು ಕಾಲಕ್ಕೆ ಘಟಪ್ರಭೆಯ ದಂಡೆಯಲ್ಲಿ ಮೇಯುತ್ತಿತ್ತು. ಗೋಕಾಕದ ಮಕ್ಕಳಿಗೆ ಡೈನೋಸಾರ್ ಗೊತ್ತು, ಇದು ಗೊತ್ತಿಲ್ಲ. ಅದೇ 1874ರಲ್ಲಿ ಡಂಬಳ ಸೀಮೆಯ ಕಪ್ಪತಗುಡ್ಡದ ಬಂಗಾರದ ಶಿಲೆಗಳ ಬಗ್ಗೆಯೂ ಅವರು ಬರೆದರು. ಮಲಪ್ರಭೆಯ ಗರಸಿನಲ್ಲಿ ಕಲ್ಲಿನ ಕೈಗೊಡಲಿಗಳನ್ನು ಕಂಡರು.

ಇಲ್ಲದ ಕಲ್ಲಿದ್ದಲಿಗೆ ಗೋಕಾಕ ತನ್ನದೇ ಉತ್ತರ ಕಂಡುಕೊಂಡಿತು. ಫೂಟ್ ಅವರ ಮೆಮಾಯರ್ ಬಂದು ಹತ್ತು ವರ್ಷವಾಗುವಷ್ಟರಲ್ಲಿ, 1885ರಲ್ಲಿ, ಜಲಪಾತದ ನೀರಿನ ಬಲದಿಂದ ನೂಲಿನ ಗಿರಣಿ ನಡೆಸುವ ಕಂಪನಿ ಅಲ್ಲಿ ಸ್ಥಾಪನೆಯಾಯಿತು. ಕಲಾದಗಿಯ ಗಟ್ಟಿ ಮರಳುಗಲ್ಲು ಕಲ್ಲಿದ್ದಲನ್ನು ಕೊಡಲಿಲ್ಲ, ಆದರೆ ಸವೆಯದೆ ನಿಂತು ನೀರನ್ನು ಎತ್ತರದಿಂದ ಬೀಳಿಸಿತು.

ನಂತರದ ವರ್ಷಗಳನ್ನು ಬೇಗ ಹೇಳಿಬಿಡಬಹುದು, ಅಲ್ಲಿ ಕೆಲಸ ಕಡಿಮೆಯಾಯಿತೆಂದಲ್ಲ. ಕರ್ನೂಲಿನ ಬಿಲ್ಲಸುರ್ಗಂ ಗುಹೆಗಳ ಉತ್ಖನನವನ್ನು 1884-85ರಲ್ಲಿ ಮಗ ಹೆನ್ರಿಯ ನೆರವಿನಿಂದ ನಡೆಸಿದರು. ಬಳ್ಳಾರಿ ಜಿಲ್ಲೆಯ ಶಿಲೆಗಳನ್ನೂ ಬೂದಿದಿಬ್ಬಗಳನ್ನೂ ನೋಡಿದರು, ಆ ಜಿಲ್ಲೆಯ ಮೆಮಾಯರ್ 1895ರಲ್ಲಿ ಅಚ್ಚಾಯಿತು. 1880ರ ದಶಕದಲ್ಲಿ ಅವರು ನೈಸ್ ಶಿಲೆಗಳ ನಡುವೆ ಪಟ್ಟಿಪಟ್ಟಿಯಾಗಿ ಹಬ್ಬಿರುವ ಹಸುರು ಶಿಲೆಗಳನ್ನು ಬೇರ್ಪಡಿಸಿ ಧಾರವಾಡ ಶ್ರೇಣಿ ಎಂದು ಹೆಸರಿಟ್ಟರು. ದಕ್ಷಿಣ ಭಾರತದ ಬಂಗಾರ ಮುಖ್ಯವಾಗಿ ಈ ಪಟ್ಟಿಗಳಲ್ಲೇ ಇದೆ ಎಂದು ತೋರಿಸಿದರು. ಇಲ್ಲಿ ಹುಡುಕಬೇಡಿ, ಅಲ್ಲಿ ಹುಡುಕಿ ಎಂದು ಹೇಳಬಲ್ಲ ನಕ್ಷೆ ಅದು. ಅಲ್ಲಿಯೂ ಅವರ ವಿಧಾನ ಗೋಕಾಕದ್ದೇ: ಮೊದಲು ಪಟ್ಟಿಗಳ ಅಂಚನ್ನು ನಡೆದು ಗೆರೆ ಎಳೆ, ಆಮೇಲೆ ಒಳಗೆ ಏನಿದೆ ಎಂದು ಕೇಳು.

33 ವರ್ಷಗಳ ಸೇವೆಯ ನಂತರ 1891ರಲ್ಲಿ ನಿವೃತ್ತರಾದರು. ಬರೋಡಾ ಸಂಸ್ಥಾನ ಅವರನ್ನು ಕರೆಯಿತು, ಆ ಸಂಸ್ಥಾನದ ಭೂವಿಜ್ಞಾನದ ಪುಸ್ತಕ 1898ರಲ್ಲಿ ಬಂದಿತು. ಶೇಷಾದ್ರಿ ಅಯ್ಯರ್ ಅವರು ದಿವಾನರಾಗಿದ್ದಾಗ, 1894ರಲ್ಲಿ, ಮೈಸೂರು ಸಂಸ್ಥಾನ ತನ್ನದೇ ಭೂವಿಜ್ಞಾನ ಇಲಾಖೆಯನ್ನು ತೆರೆದು ಅದರ ಮೊದಲ ಮುಖ್ಯಸ್ಥರಾಗಿ ಫೂಟ್ ಅವರನ್ನು ನೇಮಿಸಿತು. ಆಗ ಅವರಿಗೆ 60 ವರ್ಷ. ಆ ವಯಸ್ಸಿನಲ್ಲಿ ಮೈಸೂರನ್ನು ಅಡ್ಡಡ್ಡ ದಾಟಿ ಶಿಲೆಗಳ ಮೊದಲ ಚಿತ್ರವನ್ನು ಬರೆದುಕೊಟ್ಟರು. ಇಂದಿನ ಕರ್ನಾಟಕದ ಗಣಿ ಮತ್ತು ಭೂವಿಜ್ಞಾನ ಇಲಾಖೆ ತನ್ನ ಮೂಲವನ್ನು ಅಲ್ಲಿಗೆ ಒಯ್ಯುತ್ತದೆ.

ಕಲ್ಲಿದ್ದಲು ನಮ್ಮ ರಾಜ್ಯಕ್ಕೆ ಬಂದದ್ದು ಕೊನೆಗೂ ರೈಲಿನಲ್ಲಿ. ರಾಯಚೂರಿನ ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರದ ಮೊದಲ ಘಟಕ 1985ರಲ್ಲಿ ಶುರುವಾದ ಮೇಲೆ ಅದರ ಒಲೆಗೆ ಹೋದ ಕಲ್ಲಿದ್ದಲಿನಲ್ಲಿ ಕಿಂಗ್ ಗುರುತಿಸಿದ ಸಿಂಗರೇಣಿಯ ಪಾಲೂ ಇದೆ. ಹುಕ್ಕೇರಿಯ ತರಗತಿಯಲ್ಲಿ ಉರಿಯುವ ದೀಪದಲ್ಲಿ ಯಾವ ದಿನ ಎಷ್ಟು ಪಾಲು ನೀರಿನದು, ಎಷ್ಟು ಕಲ್ಲಿದ್ದಲಿನದು ಎಂದು ಹೇಳುವುದು ಕಷ್ಟ. ಎರಡೂ ಬೆರೆತೇ ತಂತಿಯಲ್ಲಿ ಬರುತ್ತವೆ.

ಫೂಟ್ ತಮ್ಮ ಕೊನೆಯ ವರ್ಷಗಳನ್ನು ಸೇಲಂ ಬಳಿಯ ಏರ್ಕಾಡು ಬೆಟ್ಟದಲ್ಲಿ ಕಳೆದರು. ನಲವತ್ತು ವರ್ಷ ಕೂಡಿಸಿದ ಕಲ್ಲಿನ ಉಪಕರಣಗಳನ್ನೂ ಮಡಕೆಚೂರುಗಳನ್ನೂ ಮದರಾಸಿನ ಸರಕಾರಿ ವಸ್ತುಸಂಗ್ರಹಾಲಯ 1904ರಲ್ಲಿ ಕೊಂಡಿತು. ಯಾವುದು ಯಾವ ಊರಿನ ಯಾವ ಜಾಗದಲ್ಲಿ ಸಿಕ್ಕಿತೆಂದು ಬರೆದಿಡುವ ಅಭ್ಯಾಸ ಅವರಿಗೆ ಸರ್ವೇಯಿಂದ ಬಂದಿತ್ತು. ಸಂಗ್ರಹ ಇಂದಿಗೂ ಉಪಯೋಗಕ್ಕೆ ಬರುತ್ತಿರುವುದು ಅದರಿಂದ. ಅದರ ಪಟ್ಟಿಯನ್ನು ಅವರೇ ಸಿದ್ಧಪಡಿಸುತ್ತಿದ್ದರು. 1912ರ ಡಿಸೆಂಬರ್ 29ರಂದು ಕಲ್ಕತ್ತೆಯಲ್ಲಿ ತೀರಿಕೊಂಡಾಗ ಅದು ಇನ್ನೂ ಅಚ್ಚಾಗಿರಲಿಲ್ಲ. ಪಟ್ಟಿ 1914ರಲ್ಲಿ, ಅದಕ್ಕೆ ಅವರು ಬರೆದ ಟಿಪ್ಪಣಿಗಳು 1916ರಲ್ಲಿ ಹೊರಬಂದವು. ಅವರ ಸ್ಮಾರಕ ಏರ್ಕಾಡಿನ ಹೋಲಿ ಟ್ರಿನಿಟಿ ಚರ್ಚಿನ ಆವರಣದಲ್ಲಿದೆ.